‘ಕರ್ನಾಟಕಿ ಬೇಂದೂರ’: ಗಡಿನಾಡಿನ ಪಂಚಾಂಗದಲ್ಲಿ ಒಂದು ತಿಥಿಯ ಚರಿತ್ರೆ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಸೀಮೆಯವರು ಹಬ್ಬದ ದಿನಗಳನ್ನು ಸೊಲ್ಲಾಪುರ, ಮುಂಬಯಿಗಳ ಅಚ್ಚಿನ ಪಂಚಾಂಗದಿಂದ ಎರವಲು ಪಡೆದರು ಎಂದು ವಾದಿಸುವವರಿದ್ದಾರೆ. ಪುರೋಹಿತರ ಕೈಯಲ್ಲಿ ದಾತೆ ಪಂಚಾಂಗ, ಗೋಡೆಯ ಮೇಲೆ 1973ರಲ್ಲಿ ಶುರುವಾದ ಕಾಲನಿರ್ಣಯ ಕಂಡು ಅವರು ಈ ತೀರ್ಮಾನಕ್ಕೆ ಬಂದಿದ್ದಾರೆ. ಗೋಡೆ ನೋಡಿದರು, ಪುಟ ತಿರುವಲಿಲ್ಲ. ಮರಾಠಿ ದಿನದರ್ಶಿಕೆಗಳಲ್ಲಿ ಜ್ಯೇಷ್ಠ ಹುಣ್ಣಿಮೆಯ ಮನೆಯಲ್ಲಿ ವಟಪೌರ್ಣಿಮೆಯ ಜೊತೆಗೆ ಇನ್ನೆರಡು ಪದ ಅಚ್ಚಾಗುತ್ತವೆ: ‘ಕರ್ನಾಟಕಿ ಬೇಂದೂರ’.

ಬೇಂದೂರವೆಂದರೆ ಎತ್ತಿನ ಹಬ್ಬ. ಮಹಾರಾಷ್ಟ್ರದಲ್ಲಿ ಇದಕ್ಕೆ ಒಂದೇ ದಿನವಿಲ್ಲ. ವಿದರ್ಭ, ಮರಾಠವಾಡಗಳಲ್ಲಿ ಶ್ರಾವಣ ಅಮಾವಾಸ್ಯೆಗೆ ಪೋಳಾ. ಮಹಾರಾಷ್ಟ್ರೀಯ ಬೇಂದೂರ ಆಷಾಢದಲ್ಲಿ. ಜ್ಯೇಷ್ಠದ್ದಕ್ಕೆ ಮಾತ್ರ ‘ಕರ್ನಾಟಕಿ’ ಎಂಬ ವಿಶೇಷಣ. ಅದು ನಮ್ಮ ಕಾರ ಹುಣ್ಣಿಮೆಯ ದಿನವೇ. ಪಂಚಾಂಗದಿಂದ ರೈತ ತಿಥಿ ಪಡೆದಿದ್ದರೆ ಈ ವಿಶೇಷಣ ಬೇಕಿರಲಿಲ್ಲ. ರೈತನ ರೂಢಿಯನ್ನು ಪಂಚಾಂಗಕರ್ತರು ದಾಖಲಿಸಿಕೊಂಡಿದ್ದಾರೆ.

ಹೊರಗಿನವರು ಅಂಟಿಸಿದ ಹೆಸರಿಗೆ ಇಷ್ಟು ಬೆಲೆಯೇ ಎಂದು ಕೇಳಬಹುದು. ಬರೀ ಹೆಸರಾಗಿದ್ದರೆ ನಾನೂ ಒಪ್ಪುತ್ತಿದ್ದೆ. ಆದರೆ ಆಚರಣೆಯೇ ಸಾಕ್ಷಿ ನುಡಿಯುತ್ತದೆ. ಕಾರ ಹುಣ್ಣಿಮೆಯ ಸಂಜೆ ಅಗಸಿಗೆ ಅಡ್ಡಲಾಗಿ ಬೇವಿನ ಸೊಪ್ಪಿನ ಹಗ್ಗ ಕಟ್ಟುತ್ತಾರೆ. ಮೈ ತೊಳೆದು, ಕೋಡಿಗೆ ಬಣ್ಣ ಬಳಿದ ಎತ್ತುಗಳು ಓಡಿಬಂದು ಅದನ್ನು ಹರಿಯುತ್ತವೆ. ಮುಂದೆ ಬಂದ ಎತ್ತಿನ ಬಣ್ಣ ನೋಡಿ ಯಾವ ಬೆಳೆ ಫಲಿಸೀತೆಂದು ಹಿರಿಯರು ಹೇಳುತ್ತಾರೆ. ಇದು ಕರಿ ಹರಿಯುವುದು. ಕಾಗವಾಡದಿಂದ ದೂರವಿಲ್ಲದ ಇಚಲಕರಂಜಿಯಲ್ಲಿ ಮರಾಠಿ ಮಾತಾಡುವವರೂ ಕರ್ನಾಟಕಿ ಬೇಂದೂರದಲ್ಲಿ ಇದನ್ನೇ ಮಾಡುತ್ತಾರೆ. ಅವರು ‘ಕರ ತೋಡಣೆ’ ಎನ್ನುತ್ತಾರೆ. ಕ್ರಿಯಾಪದ ಮರಾಠಿಗೆ ತಿರುಗಿದೆ, ಕರಿ ಉಳಿದಿದೆ. ಹಾಗೆಂದು ಈ ತಿಥಿಯನ್ನು ಭಾಷೆಯ ಗಡಿಗೆರೆ ಮಾಡಲು ಹೊರಟ ನಮ್ಮ ಕಡೆಯವರನ್ನೂ ನಾನು ಒಪ್ಪಲಾರೆ. ಇಚಲಕರಂಜಿ ಆ ಗೆರೆಯ ಆಚೆಗಿದೆ.

ಎದುರುವಾದಿಗಳ ಒಂದು ಮಾತು ಮಾತ್ರ ನಿಜ. ಆಕಾಶ ನೋಡಿದರೆ ಹುಣ್ಣಿಮೆ ತಿಳಿಯುತ್ತದೆ, ಮಾಸ ತಿಳಿಯುವುದಿಲ್ಲ. 2023ರಲ್ಲಿ ಕಾರ ಹುಣ್ಣಿಮೆ ಜೂನ್ 4ಕ್ಕೆ, ರೋಹಿಣಿ ಮಳೆಯಲ್ಲಿ ಬಂತು. 2026ರಲ್ಲಿ ಜ್ಯೇಷ್ಠಕ್ಕೆ ಎರಡು ಹುಣ್ಣಿಮೆ: ಮೇ 31 ಅಧಿಕದ್ದು, ಜೂನ್ 29 ನಿಜದ್ದು. ಅಧಿಕದ ಹುಣ್ಣಿಮೆಗೆ ಕರಿ ಹರಿಯುವಂತಿಲ್ಲ. ಆ ವರ್ಷದ ಹಬ್ಬ ಆರಿದ್ರಾ ಮಳೆಗೆ ಸರಿಯುತ್ತದೆ. ಇದನ್ನು ಗಣಿತವೇ ಹೇಳಬೇಕು. ಆದರೆ ಆ ಗಣಿತ ಅಚ್ಚುಕೂಟದ ಕೊಡುಗೆಯಲ್ಲ. ಗಣೇಶ ದೈವಜ್ಞನ ‘ಗ್ರಹಲಾಘವ’ 1520ರದು; ಮಹಾರಾಷ್ಟ್ರ, ಕರ್ನಾಟಕಗಳ ಜೋಯಿಸರು ಅದರಿಂದ ಕೈಯಲ್ಲೇ ಲೆಕ್ಕ ಹಾಕುತ್ತಿದ್ದರು.

ಆದ್ದರಿಂದ ನನ್ನ ನಿಲುವು ಇಷ್ಟು: ಯಾವ ಹುಣ್ಣಿಮೆ ಜ್ಯೇಷ್ಠದ್ದೆಂದು ಜೋಯಿಸ ಹೇಳಿದ, ಆ ಹುಣ್ಣಿಮೆ ಎತ್ತಿನದೆಂದು ಹೇಳಿದವನು ರೈತ. ಈ ಎರಡನ್ನೂ ಬಿಡಿಸಿ ನೋಡಲು ನಮಗೆ ಬೇಕಾದ ದಾಖಲೆ ಹಳೆಯ ಪಂಚಾಂಗಗಳ ಅಂಚಿನಲ್ಲಿದೆ. ಬಿತ್ತನೆ, ಮಳೆ, ಮದುವೆಯ ಮುಹೂರ್ತಗಳನ್ನು ಮನೆಯ ಹಿರಿಯರು ಅಲ್ಲಿ ಗುರುತು ಹಾಕಿರುತ್ತಾರೆ. ಯುಗಾದಿಗೆ ಹೊಸದು ಬಂದಾಗ ಹಳೆಯದನ್ನು ರದ್ದಿಗೆ ಹಾಕಬೇಡಿ.