ಸೆರೆವಾಸಕ್ಕೂ ಹಿಂದಿನ ಹೆಸರುಗಳು: ಕೆನರಾದ ಕೊಂಕಣಿ ಕ್ರೈಸ್ತ ಮನೆತನಗಳ ಮೂಲಶೋಧ

ರಾಜಾಜಿನಗರ, ಬಸವೇಶ್ವರನಗರ, ವಿಜಯನಗರಗಳಲ್ಲಿ ನೆಲೆಸಿರುವ ಮಂಗಳೂರು ಮೂಲದ ಕ್ರೈಸ್ತ ಕುಟುಂಬಗಳಲ್ಲಿ ವಂಶವೃಕ್ಷ ಬರೆದಿಟ್ಟುಕೊಂಡವರಿದ್ದಾರೆ. 1949ರಲ್ಲಿ ರಾಜಾಜಿನಗರದ ಕೈಗಾರಿಕಾ ಬಡಾವಣೆಗೆ ಅಡಿಗಲ್ಲು ಬಿದ್ದ ಮೇಲಿನ ದಶಕಗಳಲ್ಲಿ ಕೆಲಸ ಅರಸಿ ಘಟ್ಟ ಹತ್ತಿದವರ ಮಕ್ಕಳು, ಮೊಮ್ಮಕ್ಕಳು ಇವರು. ಇಂಥ ವಂಶವೃಕ್ಷಗಳ ಸ್ವರೂಪ ಬಹುಮಟ್ಟಿಗೆ ಒಂದೇ. ಕೆಳಗಿನ ಸಾಲುಗಳಲ್ಲಿ ಬೆಂಗಳೂರು, ಮುಂಬೈ, ಕೊಲ್ಲಿ ದೇಶಗಳು. ಮೇಲೆ ಹೋದಂತೆ ಬಂಟ್ವಾಳ, ಮೂಡುಬಿದಿರೆ, ಕಲ್ಯಾಣಪುರ. 1800ರ ಆಸುಪಾಸಿಗೆ ಬಂದರೆ ಒಬ್ಬ ಹಿರಿಯನ ಹೆಸರು ಒಂಟಿಯಾಗಿ ನಿಲ್ಲುತ್ತದೆ. ಅವನ ತಂದೆ ಯಾರು, ತಾಯಿ ಯಾವ ಮನೆಯವಳು ಎಂಬುದಿಲ್ಲ. ಅಲ್ಲಿಂದ ಎರಡು ಮೂರು ತಲೆಮಾರು ಹಾರಿ ಮೇಲ್ತುದಿಯಲ್ಲಿ ‘ಗೋವಾ’ ಎಂದು ಬರೆದಿರುತ್ತದೆ.

ಈ ಲೇಖನ ಆ ಹಾರಿದ ತಲೆಮಾರುಗಳ ಕುರಿತಾದದ್ದು. ಮನೆಯವರ ಅಸಡ್ಡೆಯಿಂದ ಆದ ತೆರಪು ಇದಲ್ಲ. ಇಗರ್ಜಿಯ ಪುಸ್ತಕಗಳಲ್ಲಿ ಇದನ್ನು ತುಂಬಿಕೊಳ್ಳಲು ಹೊರಟವರು ಬರಿಗೈಯಲ್ಲಿ ಮರಳುವುದೇ ಹೆಚ್ಚು. ನನ್ನ ವಾದವಿಷ್ಟು: ಟಿಪ್ಪು ಸುಲ್ತಾನ್ ಈ ಸಮುದಾಯವನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದ 1784ಕ್ಕೂ ಹಿಂದಿನ ಕೆನರಾ ಕ್ರೈಸ್ತ ಮನೆತನವನ್ನು ಮೊದಲು ಜಮೀನಿನ ಕಾಗದಗಳಲ್ಲಿ ಹುಡುಕಬೇಕು, ಆಮೇಲೆ ಗೋವಾಕ್ಕೆ ಹೋಗಬೇಕು.

ಗೋವಾದಿಂದ ಕೆನರಾಕ್ಕೆ ವಲಸೆ ಒಂದೇ ಸಲ ಆದದ್ದಲ್ಲ. 1560ರಲ್ಲಿ ಗೋವಾದಲ್ಲಿ ಇನ್‌ಕ್ವಿಸಿಷನ್ ಶುರುವಾದ ಮೇಲೆ, ಕ್ಷಾಮಗಳು ಬಡಿದಾಗ, 1683ರಲ್ಲಿ ಮರಾಠ ದೊರೆ ಸಂಭಾಜಿಯ ದಾಳಿಯಾದಾಗ, ಮತ್ತೆ 1730ರ ದಶಕದ ಕೊನೆಯಲ್ಲಿ ಮರಾಠರು ಗೋವಾದ ಬಾರ್ದೇಸ್, ಸಾಷ್ಟಿಗಳಿಗೆ ನುಗ್ಗಿದಾಗ, ಕುಟುಂಬಗಳು ದಕ್ಷಿಣಕ್ಕೆ ಇಳಿದವು. ಮಂಗಳೂರಿನ ರೊಸಾರಿಯೊ ಇಗರ್ಜಿ 1568ರದ್ದು, ಮಿಲಾಗ್ರಿಸ್ 1680ರದ್ದು. ಈ ಎರಡು ಇಸವಿಗಳ ನಡುವೆ, 1650ರ ದಶಕದಲ್ಲಿ, ಕೆಳದಿಯ ಶಿವಪ್ಪ ನಾಯಕ ಪೋರ್ಚುಗೀಸರನ್ನು ಮಂಗಳೂರು, ಬಸರೂರು, ಹೊನ್ನಾವರದ ಕೋಟೆಗಳಿಂದ ಹೊರಗಟ್ಟಿದ್ದನೆಂಬುದು ಮುಖ್ಯ. ಪೋರ್ಚುಗೀಸರ ಬಲ ಕುಗ್ಗಿದ ಮೇಲೂ ವಲಸೆ ನಿಲ್ಲಲಿಲ್ಲ. ಬಂದವರು ಕೆಳದಿ ಅರಸರ ಒಕ್ಕಲುಗಳಾಗಿ ಗದ್ದೆ ಮಾಡಿದರು, ತೋಟ ಎಬ್ಬಿಸಿದರು, ಕಂದಾಯ ಕಟ್ಟಿದರು. ಇವರನ್ನು ಪೋರ್ಚುಗೀಸರ ಬಾಲಂಗೋಚಿಗಳೆಂದು ಕಾಣುವ ಚರಿತ್ರೆ ಅರ್ಧ ಚರಿತ್ರೆ. ಇವರ ಮೊದಲ ದಾಖಲೆಗಳು ಎಲ್ಲಿರಬಹುದು ಎಂಬ ಪ್ರಶ್ನೆಗೂ ಉತ್ತರ ಇಲ್ಲೇ ಇದೆ.

1763ರಲ್ಲಿ ಕೆಳದಿ ಅರಸರ ರಾಜಧಾನಿ ಬಿದನೂರು ಹೈದರಾಲಿಯ ವಶವಾಯಿತು. 1783ರಲ್ಲಿ ಜನರಲ್ ಮ್ಯಾಥ್ಯೂಸ್‌ನ ಇಂಗ್ಲಿಷ್ ಸೇನೆ ಮಂಗಳೂರು ಹಿಡಿಯಿತು; ದೀರ್ಘ ಮುತ್ತಿಗೆಯ ನಂತರ 1784ರ ಜನವರಿ ಕೊನೆಯಲ್ಲಿ ಕೋಟೆ ಟಿಪ್ಪುವಿಗೆ ಶರಣಾಯಿತು. ಕ್ರೈಸ್ತರು ಇಂಗ್ಲಿಷರಿಗೆ ನೆರವಾದರೆಂಬುದು ಆರೋಪ. ಆ ವರ್ಷದ ಬೂದಿ ಬುಧವಾರದಂದು, ಕರಾವಳಿಯುದ್ದಕ್ಕೂ ಅವರನ್ನು ಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಲಾಯಿತೆಂದು ಸಮುದಾಯದ ನೆನಪು ಹೇಳುತ್ತದೆ. ಹಿಡಿದವರ ಸಂಖ್ಯೆಯನ್ನು ಆ ಕಾಲದವರು ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಕೊಡುತ್ತಾರೆ. ಸ್ವತಃ ಸೆರೆಯಾಳಾಗಿದ್ದ ಜೇಮ್ಸ್ ಸ್ಕರಿ 30,000 ಎಂದರೆ, 1801ರಲ್ಲಿ ಕೆನರಾ ಸುತ್ತಿದ ಫ್ರಾನ್ಸಿಸ್ ಬುಕಾನನ್ 70,000 ಎನ್ನುತ್ತಾನೆ. ಈ ಅಂಕಿಗಳನ್ನು ಹಿಡಿದು ಇವತ್ತು ನಡೆಯುವ ಜಗಳದಲ್ಲಿ ವಂಶಶೋಧಕನಿಗೆ ಲಾಭವಿಲ್ಲ. ಅವನಿಗೆ ಬೇಕಾದ ಸಂಗತಿ ಬೇರೆ: ಇಗರ್ಜಿಗಳನ್ನು ಕೆಡವಲಾಯಿತು, ಪಾದ್ರಿಗಳನ್ನು ಗಡೀಪಾರು ಮಾಡಲಾಯಿತು, ಬಾಪ್ತಿಸ್ಮ–ಮದುವೆ–ಮರಣದ ಪುಸ್ತಕಗಳು ಅವುಗಳೊಂದಿಗೇ ಹೋದವು. ಜಮೀನು ಸರ್ಕಾರದ ಮುಟ್ಟುಗೋಲಾಗಿ ಬೇರೆಯವರ ಕೈ ಸೇರಿತು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ಬದುಕುಳಿದವರು ಹೊರಬಂದರು. ಹೋದವರಲ್ಲಿ ಮರಳಿ ಕರಾವಳಿ ಕಂಡವರು ಸಣ್ಣ ಪಾಲು.

ಇದೇ ಶತಮಾನದಲ್ಲಿ, ಭೂಮಿಯ ಇನ್ನೊಂದು ಬದಿಯಲ್ಲಿ, ಇಂಥದೇ ಒಂದು ಸಮುದಾಯವನ್ನು ಬೇರು ಸಮೇತ ಕಿತ್ತರು. ಈಗಿನ ಕೆನಡಾದ ನೋವಾ ಸ್ಕೋಶಿಯಾ ಪ್ರದೇಶದಲ್ಲಿ 17ನೇ ಶತಮಾನದಲ್ಲಿ ನೆಲೆಸಿ ಉಬ್ಬರದ ಜೌಗಿಗೆ ಒಡ್ಡು ಕಟ್ಟಿ ಹೊಲ ಮಾಡಿದ ಫ್ರೆಂಚ್ ರೈತರು ಅಕಾಡಿಯನ್ನರು. ಬ್ರಿಟಿಷ್ ದೊರೆಗೆ ಬೇಷರತ್ ನಿಷ್ಠೆಯ ಪ್ರಮಾಣ ಮಾಡಲಿಲ್ಲವೆಂದು 1755ರಿಂದ ಅವರಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜನರನ್ನು ಹಡಗುಗಳಿಗೆ ತುಂಬಿ ಚದುರಿಸಿದರು. ಆದರೂ ಇವತ್ತು ಅಕಾಡಿಯನ್ ಮನೆತನದ ಮಗ ತನ್ನ ಮೊದಲ ವಲಸೆಗಾರನವರೆಗೆ ಹೆಸರು ಹೆಸರಾಗಿ ಹತ್ತಬಲ್ಲ. ಮಾಂಕ್ಟನ್ ವಿಶ್ವವಿದ್ಯಾಲಯದ ಸ್ಟೀಫನ್ ವೈಟ್ 1999ರಲ್ಲಿ ಪ್ರಕಟಿಸಿದ ವಂಶಾವಳಿ ಕೋಶದ ಎರಡು ಸಂಪುಟಗಳು 1636ರಿಂದ 1714ರವರೆಗಿನ ಕುಟುಂಬಗಳನ್ನು ಬಿಡಿಸಿಡುತ್ತವೆ. ಕೆನರಾದಲ್ಲಿ ಆಗದ್ದು ಅಲ್ಲಿ ಹೇಗಾಯಿತು?

ಒಂದು ಕಾರಣ ಜನಗಣತಿ. 1671ರಲ್ಲಿ ಪಾದ್ರಿ ಲಾರೆಂಟ್ ಮೋಲಿನ್ ಅಲ್ಲಿನ ಪೋರ್ಟ್ ರಾಯಲ್‌ನಲ್ಲಿ ಮನೆಮನೆಗೆ ಹೋಗಿ ಗಂಡ, ಹೆಂಡತಿ, ಮಕ್ಕಳ ಹೆಸರು, ವಯಸ್ಸು, ದನಕುರಿಗಳ ಲೆಕ್ಕ ಬರೆದುಕೊಂಡ. ಸುಮಾರು 70 ಕುಟುಂಬ, 400ರಷ್ಟು ಜನ. ಪಿಯರ್ ಮೆಲಾನ್ಸನ್ ಎಂಬ ದರ್ಜಿ ತನ್ನ ವಯಸ್ಸನ್ನೂ ಹೇಳಲಿಲ್ಲ, ದನಗಳ ಲೆಕ್ಕವನ್ನೂ ಕೊಡಲಿಲ್ಲ. ಇಂಥದ್ದಕ್ಕೆಲ್ಲ ಬೀದಿ ಅಲೆಯಲು ನಿನಗೇನು ಹುಚ್ಚೇ ಎಂಬರ್ಥದಲ್ಲಿ ಅವನ ಹೆಂಡತಿ ಪಾದ್ರಿಯನ್ನು ಗದರಿದಳು. ಮೋಲಿನ್ ಅದನ್ನೂ ಬರೆದುಕೊಂಡ. ಲೆಕ್ಕ ಕೊಡದವರೂ ಆ ಪುಟದಲ್ಲಿ ಉಳಿದುಬಿಟ್ಟರು.

ಎರಡನೆಯದು ಹೊರಗಟ್ಟಿದವರ ಕೈಬರಹ. 1755ರ ಸೆಪ್ಟೆಂಬರ್ 5ರಂದು ಗ್ರಾಂ ಪ್ರೇ ಇಗರ್ಜಿಗೆ ಊರ ಗಂಡಸರನ್ನೆಲ್ಲ ಕರೆಸಿ 418 ಜನರನ್ನು ಕೂಡಿಹಾಕಿದ ಬ್ರಿಟಿಷ್ ಪಡೆಯ ಅಧಿಕಾರಿ ಜಾನ್ ವಿನ್ಸ್‌ಲೋ, ಯಜಮಾನನ ಹೆಸರಿನ ಮುಂದೆ ಗಂಡುಮಕ್ಕಳು, ಹೆಣ್ಣುಮಕ್ಕಳು, ಎತ್ತು, ಕುರಿಗಳ ಸಂಖ್ಯೆ ಬರೆದ ಪಟ್ಟಿ ಮಾಡಿದ. ಮೂರನೆಯದು ಹೊರಟವರ ಎಚ್ಚರ. ಅದೇ ಊರಿನ ಇಗರ್ಜಿ ಪುಸ್ತಕಗಳನ್ನು ಗಡೀಪಾರಾದವರು ತಮ್ಮೊಂದಿಗೆ ಒಯ್ದರು. ಅವು ಕೊನೆಗೆ ಲೂಸಿಯಾನಾ ತಲುಪಿ ಈಗ ಬ್ಯಾಟನ್ ರೂಜ್ ಧರ್ಮಪ್ರಾಂತ್ಯದಲ್ಲಿವೆ.

ನಾಲ್ಕನೆಯದನ್ನು ನಾನು ಎಲ್ಲಕ್ಕಿಂತ ದೊಡ್ಡದೆಂದು ಎಣಿಸುತ್ತೇನೆ. 1765ರಲ್ಲಿ ಫ್ರಾನ್ಸಿನ ಬೆಲ್ ಇಲ್ ದ್ವೀಪದಲ್ಲಿ 78 ಅಕಾಡಿಯನ್ ಕುಟುಂಬಗಳಿಗೆ ನೆಲೆ ಕೊಟ್ಟರು. 1767ರಲ್ಲಿ ಪ್ರತಿ ಯಜಮಾನನನ್ನು ಕೂರಿಸಿ, ಪ್ರಮಾಣ ಮಾಡಿಸಿ, ತಂದೆ, ಅಜ್ಜ, ಮುತ್ತಜ್ಜ ಯಾರು, ಯಾರ ಮಗಳನ್ನು ತಂದರು, ಫ್ರಾನ್ಸಿನಿಂದ ಮೊದಲು ಹೋದವರು ಯಾರು ಎಂದು ಬರೆಸಿಕೊಂಡರು. ಹಾಗೆ ಬರೆಸುವಾಗ ಎದುರಿಗಿದ್ದವನು ಅಕಾಡಿಯಾದಲ್ಲೇ ದುಡಿದಿದ್ದ ಪಾದ್ರಿ ಲೆ ಲೂತ್ರ್. ಪ್ಯಾರಿಸ್ಸಿನ ವಿದೇಶಿ ಮಿಷನ್ ಸಂಘದವನು. ಅದೇ ಸಂಘದ ಅಬ್ಬೆ ದುಬಾ 1799ರ ನಂತರ ಶ್ರೀರಂಗಪಟ್ಟಣದಲ್ಲಿ ಸೆರೆಯಿಂದ ಬಿಡುಗಡೆಯಾದ ಕ್ರೈಸ್ತರ ನಡುವೆ ನಿಂತ. ಒಂದೇ ಮನೆಯಿಂದ ಹೊರಟ ಇಬ್ಬರು ಪಾದ್ರಿಗಳು, ಎರಡು ನಿರಾಶ್ರಿತ ಸಮುದಾಯಗಳು. ಆದರೆ ಕೆನರಾದವರನ್ನು ಬೆಲ್ ಇಲ್‌ನಲ್ಲಿ ಮಾಡಿದಂತೆ ಸಾಲಾಗಿ ಕೂರಿಸಿ ಯಾರೂ ಬರೆಸಿಕೊಳ್ಳಲಿಲ್ಲ. ಹದಿನೈದು ವರ್ಷಗಳ ಸೆರೆಯಲ್ಲಿ ಹಿರಿಯರು ತೀರಿಹೋಗಿದ್ದರು. 1799ರಲ್ಲಿ ಇಪ್ಪತ್ತರ ಹರೆಯದವನು ಊರು ಬಿಟ್ಟಾಗ ಐದು ವರ್ಷದವನು. ಅಜ್ಜನ ಊರು ಅವನಿಗೆ ಹೇಳಬೇಕಾದವರು ಇರಲಿಲ್ಲ. ಕರ್ನಾಟಕದ ಅನೇಕ ಒಕ್ಕಲು ಮನೆತನಗಳ ವಂಶಾವಳಿಯನ್ನು ಎತ್ತಿನ ಮೇಲೆ ಬರುವ ಹೆಳವರು ತಲೆಮಾರಿನಿಂದ ತಲೆಮಾರಿಗೆ ಹೇಳಿ ಉಳಿಸಿದರು. ಕ್ರೈಸ್ತರಿಗೆ ಆ ಆಸರೆಯೂ ಇರಲಿಲ್ಲ.

ಅಕಾಡಿಯನ್ನರಿಗೆ ಅಡ್ಡಹೆಸರೇ ದಾರಿದೀಪ. ಲೆಬ್ಲಾಂಕ್, ಲ್ಯಾಂಡ್ರಿ, ಬೂರ್ಗ್ ಎಂದರೆ ಬಹುತೇಕ ಒಬ್ಬೊಬ್ಬ ಮೂಲಪುರುಷ. ನಮ್ಮಲ್ಲಿ ಅಡ್ಡಹೆಸರು ದಾರಿ ತಪ್ಪಿಸುತ್ತದೆ. ಗೋವಾದಲ್ಲಿ ಮತಾಂತರವಾದವರಿಗೆ ಬಾಪ್ತಿಸ್ಮ ಕೊಟ್ಟ ಪಾದ್ರಿಯದೋ ಜ್ಞಾನಪಿತನದೋ ಹೆಸರು ಬಂದದ್ದರಿಂದ, ಇಬ್ಬರು ಡಿಸೋಜರ ನಡುವೆ ರಕ್ತಸಂಬಂಧ ಇರಲೇಬೇಕೆಂದಿಲ್ಲ. ಬೇರೆ ಹಳ್ಳಿ, ಬೇರೆ ಜಾತಿಯ ಕುಟುಂಬಗಳು ಒಂದೇ ಹೆಸರು ಹೊತ್ತಿವೆ. ಹಾಗಾಗಿ ಮತಾಂತರದ ಹಿಂದಿನ ಪ್ರಭು, ಶೆಣೈ, ಕಾಮತ್, ನಾಯಕ್ ಎಂಬ ಹೆಸರುಗಳನ್ನು ಮನೆಯಲ್ಲಿ ನೆನಪಿಟ್ಟುಕೊಂಡಿದ್ದರೆ ಅದು ನಿಜವಾದ ಸುಳಿವು. ಬಾಮಣ್, ಚಾರಡಿ, ಸುದಿರ್ ಎಂಬ ಪಂಗಡದ ಗುರುತೂ ಹಾಗೆಯೇ. ಜಾತಿಯ ನೆನಪು ಹೆಮ್ಮೆಪಡುವಂಥದ್ದಲ್ಲ. ಆದರೂ ಶೋಧಕ ಅದನ್ನು ಕೇಳಿ ಬರೆದುಕೊಳ್ಳದೆ ವಿಧಿಯಿಲ್ಲ.

1799ರಿಂದ ಈಚಿನ ಭಾಗದಲ್ಲಿ ದೊಡ್ಡ ಕೆಲಸವಾಗಿದೆ. ಮೈಕೆಲ್ ಲೋಬೊ ದಶಕಗಳ ಕಾಲ ಮನೆಮನೆಯ ಮಾಹಿತಿ ಕೂಡಿಸಿ ಮಂಗಳೂರು ಕ್ಯಾಥೊಲಿಕ್ ಕುಟುಂಬಗಳ ವಂಶಾವಳಿ ವಿಶ್ವಕೋಶ ಕಟ್ಟಿದವರು. 1999ರಲ್ಲಿ ಬಂದ ಅಲನ್ ಮಚಾದೊ ಪ್ರಭು ಅವರ ‘ಸರಸ್ವತೀಸ್ ಚಿಲ್ಡ್ರನ್’ ಸಮುದಾಯದ ಚರಿತ್ರೆಯನ್ನು ಗೋವಾದಿಂದ ಹಿಡಿದು ಹೇಳುತ್ತದೆ. ಇನ್ನು ಆಗಬೇಕಿರುವುದು ಇವೆರಡರ ನಡುವಿನ ಬೆಸುಗೆ: ಇಂತಹ ಊರಿನ ಇಂತಹ ಮನೆ, 1784ಕ್ಕೆ ಮುಂಚೆ ಯಾರದ್ದು?

ಅದಕ್ಕೆ ಜಮೀನೇ ಸಾಕ್ಷಿ. ಕೆನರಾದ ನೆಲಕ್ಕೆ ವರ್ಗದ, ಅಂದರೆ ಹಿಡುವಳಿಯ, ಲೆಕ್ಕವಿತ್ತು. ಮೂಲವರ್ಗದಾರ, ಅವನ ಕೈಕೆಳಗೆ ಶಾಶ್ವತ ಹಕ್ಕಿನ ಮೂಲಗೇಣಿದಾರ, ವರ್ಷದ ಕರಾರಿನ ಚಾಲಗೇಣಿದಾರ. ಒಂದು ಮೂಲಗೇಣಿ ಚೀಟಿಯಲ್ಲಿ ಏನಿರುತ್ತದೆ ನೋಡಿ: ಗದ್ದೆಯ ಹೆಸರು, ನಾಲ್ಕು ದಿಕ್ಕಿನ ಗಡಿಯಲ್ಲಿ ಯಾರ ಜಾಗ, ವರ್ಷಕ್ಕೆ ಎಷ್ಟು ಮುಡಿ ಅಕ್ಕಿ, ಕೊಟ್ಟವನ ಮತ್ತು ಪಡೆದವನ ಹೆಸರು, ಸಾಕ್ಷಿಗಳು. ಆ ಗಡಿ ಹೇಳುವ ಸಾಲಿನಲ್ಲೇ ನೆರೆಯ ಕ್ರೈಸ್ತ ಒಕ್ಕಲಿನ ಹೆಸರು ಸಿಗಬಹುದು. ಹುಡುಕುವವರು ತಮ್ಮ ಹಿರಿಯನ ಚೀಟಿಯನ್ನಷ್ಟೇ ನೋಡಿ ಸುಮ್ಮನಾಗುತ್ತಾರೆ. ಅಕ್ಕಪಕ್ಕದ ಬಂಟರ, ಜೈನರ, ಗೌಡ ಸಾರಸ್ವತರ ಮನೆಗಳ, ದೇವಸ್ಥಾನ–ಮಠಗಳ ಕಡತಗಳನ್ನೂ ನೋಡಬೇಕು. ಕ್ರೈಸ್ತರ ಕಾಗದ ಅವರೊಂದಿಗೆ ಹೋಯಿತು, ನೆರೆಯವರದು ಊರಲ್ಲೇ ಉಳಿಯಿತು.

1799ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಬಂದ ಕೆನರಾಕ್ಕೆ ಮೊದಲ ಕಲೆಕ್ಟರ್ ಥಾಮಸ್ ಮನ್ರೊ. ಕಂದಾಯ ನಿಗದಿಗೆ ಆತ ಹಳೆಯ ಕಡತಗಳನ್ನು ತೆಗೆಸಿ ನೋಡಿದ. ಅದೇ ಹೊತ್ತಿಗೆ ಸೆರೆಯಿಂದ ಮರಳಿದವರು ತಮ್ಮ ಜಾಗಕ್ಕೆ ಬಂದು ನಿಂತರೆ ಉಳುಮೆ ಇನ್ನೊಬ್ಬನ ಕೈಯಲ್ಲಿ. ಜಾಗ ತನ್ನದೆಂದು ತೋರಿಸಬೇಕಾದವನು ತಂದೆ–ಅಜ್ಜಂದಿರ ಹೆಸರು ಹೇಳಲೇಬೇಕು. ಬೆಲ್ ಇಲ್‌ನಲ್ಲಿ ಪಾದ್ರಿಯ ಎದುರು ಆದ ಹೇಳಿಕೆಗೆ ನಮ್ಮಲ್ಲಿ ಸಮನಾದದ್ದೇನಾದರೂ ಇದ್ದರೆ ಅದನ್ನು ಈ ಜಮೀನಿನ ತಕರಾರುಗಳಲ್ಲೇ ಹುಡುಕಬೇಕು. ಆಡಳಿತದ ಗಡಿಗಳು ಈ ಕೆಲಸವನ್ನು ಕಷ್ಟ ಮಾಡಿವೆ. ದಕ್ಷಿಣ ಕನ್ನಡ 1956ರವರೆಗೂ ಮದರಾಸಿನ ಕೆಳಗಿತ್ತು, ಉತ್ತರ ಕನ್ನಡ 1862ರಲ್ಲಿ ಮುಂಬಯಿಗೆ ಸೇರಿತು. ಹೊನ್ನಾವರದ ಮನೆತನ ಹುಡುಕುವವರು ಚೆನ್ನೈ, ಮುಂಬೈ ಎರಡು ಕಡೆಯ ಅಭಿಲೇಖಾಲಯಗಳನ್ನೂ ನೋಡಬೇಕಾಗುತ್ತದೆ. ಹಿಂದಿನಿಂದ ಮುಂದಕ್ಕಲ್ಲ, ಮುಂದಿನಿಂದ ಹಿಂದಕ್ಕೆ ಹೋಗುವವರಿಗೆ 1974ರ ಭೂಸುಧಾರಣೆಯ ಡಿಕ್ಲರೇಷನ್ ಕಡತಗಳು ಒಳ್ಳೆಯ ಮೊದಲ ಮೆಟ್ಟಿಲು. ಗೇಣಿದಾರರೇ ಕೊಟ್ಟ ಆ ಅರ್ಜಿಗಳಲ್ಲಿ ಯಾವ ಧಣಿಯ ಯಾವ ಗದ್ದೆ ಎಂಬುದು ಸರ್ವೆ ನಂಬರ್ ಸಮೇತ ಇದೆ.

ಊರು, ಗದ್ದೆ, ಹಳೆಯ ಹೆಸರು ಕೈಗೆ ಬಂದ ಮೇಲೆ ಗೋವಾ. ಪಣಜಿಯ ಅಭಿಲೇಖಾಲಯದಲ್ಲಿ ಹಳೆಯ ಇಗರ್ಜಿ ಪುಸ್ತಕಗಳಿವೆ, ಗಾಂವಕಾರರ ಗ್ರಾಮಸಂಸ್ಥೆಗಳ ದಾಖಲೆಗಳಿವೆ. ಬರಿಯ ‘ಪಿಂಟೊ’ ಎಂಬ ಹೆಸರು ಹಿಡಿದು ಅಲ್ಲಿಗೆ ಹೋದರೆ ನೂರಾರು ಪಿಂಟೊಗಳು ಸಿಗುತ್ತಾರೆ, ತಮ್ಮವರು ಯಾರೆಂದು ತಿಳಿಯುವುದಿಲ್ಲ.

ಕರಾವಳಿಗೆ ಮರಳದವರ ಕಡೆಗೆ ಶೋಧಕರ ಗಮನ ತೀರ ಕಡಿಮೆ. ಸೆರೆಯಿಂದ ತಪ್ಪಿಸಿಕೊಂಡ ಕೆಲವರಿಗೆ ಕೊಡಗಿನ ದೊಡ್ಡ ವೀರರಾಜೇಂದ್ರ ಆಶ್ರಯ ಕೊಟ್ಟ. 1792ರಲ್ಲಿ ಸ್ಥಾಪನೆಯಾದ ವಿರಾಜಪೇಟೆಯ ಸಂತ ಅನ್ನಮ್ಮ ಇಗರ್ಜಿ ಆ ನಿರಾಶ್ರಿತರ ಕಾಲದ್ದು. ಅಂದರೆ ಮಂಗಳೂರಿನಲ್ಲಿ ಇಗರ್ಜಿಗಳು ನೆಲಸಮವಾಗಿದ್ದ ವರ್ಷಗಳಲ್ಲೇ ವಿರಾಜಪೇಟೆಯಲ್ಲಿ ಕೆನರಾದ ಕ್ರೈಸ್ತರು ಒಂದು ಸಭೆಯಾಗಿ ಬದುಕಿದ್ದರು. ಶ್ರೀರಂಗಪಟ್ಟಣದ ಸುತ್ತಮುತ್ತ ಪಾಲಹಳ್ಳಿಯಲ್ಲಿ, ಹಾಸನದ ಕಡೆ ದುಬಾ ನೆಲೆಗೊಳಿಸಿದ ಸಾತಹಳ್ಳಿಯಲ್ಲಿ ಕನ್ನಡವನ್ನೇ ಮನೆಮಾತಾಗಿಸಿಕೊಂಡ ಕ್ರೈಸ್ತ ಒಕ್ಕಲುಗಳಿವೆ. ಇವರಲ್ಲಿ 1648ರ ಸುಮಾರಿಗೆ ಪಾದ್ರಿ ಲಿಯೊನಾರ್ಡೊ ಚಿನ್ನಾಮಿ ಶುರುಮಾಡಿದ ಮೈಸೂರು ಮಿಷನ್ನಿನ ಕಾಲದವರು ಯಾರು, ಕರಾವಳಿಯಿಂದ ಸೆರೆಯಾಗಿ ಬಂದು ಉಳಿದವರು ಯಾರು ಎಂಬುದನ್ನು ಮನೆಮನೆಗೆ ಹೋಗಿ ಕೇಳಿ ಬಿಡಿಸಬೇಕು. ಬೆಂಗಳೂರಿನಿಂದ ಅರ್ಧ ದಿನದೊಳಗೆ ತಲುಪಬಹುದಾದ ಊರುಗಳು ಇವು. ವಿಜಯನಗರದ ಒಂದು ವಂಶವೃಕ್ಷದಲ್ಲಿ ‘ಸೆರೆಯಲ್ಲಿ ಕಾಣೆಯಾದ’ ಎಂದು ಬರೆದಿರುವ ತಮ್ಮನ ಸಂತತಿ ಅಲ್ಲಿ ಇನ್ನೂ ಗದ್ದೆ ಮಾಡುತ್ತಿರಬಹುದು. ವಿರಾಜಪೇಟೆಯ ಇಗರ್ಜಿ ಪುಸ್ತಕವನ್ನೂ ಮಂಗಳೂರಿನ 1800ರ ಈಚಿನ ಪುಸ್ತಕಗಳನ್ನೂ ಎದುರುಬದುರು ಇಟ್ಟು ಜ್ಞಾನಪಿತ–ಜ್ಞಾನಮಾತೆಯರ ಹೆಸರುಗಳನ್ನು ಹೋಲಿಸುವುದರಿಂದ ಈ ಕೆಲಸ ಆರಂಭಿಸಬಹುದು.