ಟೇಕ್ (ಇಂಗ್ಲಿಷ್ ಕ್ರಿಯಾಪದ)

ಟೇಕ್: ಇಂಗ್ಲಿಷಿನಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ಕ್ರಿಯಾಪದಗಳಲ್ಲೊಂದು. ಭೂತಕಾಲದ ರೂಪ ಟುಕ್, ಭೂತಕೃದಂತ ಟೇಕನ್. ಕೈಯಿಂದ ಹಿಡಿದು ತನ್ನದಾಗಿಸಿಕೊಳ್ಳುವುದು ಇದರ ಮೂಲಾರ್ಥ. ಒಯ್ಯು, ಸ್ವೀಕರಿಸು, ಸೇವಿಸು, ಸಹಿಸು, ಭಾವಿಸು ಮೊದಲಾದ ಅರ್ಥಗಳೆಲ್ಲ ಅದರಿಂದ ಕವಲೊಡೆದವು. ಸ್ಯಾಮ್ಯುಯೆಲ್ ಜಾನ್ಸನ್ 1755ರಲ್ಲಿ ಪ್ರಕಟಿಸಿದ ನಿಘಂಟಿನಲ್ಲಿ ಈ ಒಂದು ಶಬ್ದಕ್ಕೇ 134 ಅರ್ಥಗಳಿವೆ.

ಇಷ್ಟು ಆಳವಾಗಿ ಬೇರೂರಿದ್ದರೂ ಇದು ಇಂಗ್ಲಿಷಿಗೆ ಹೊರಗಿನಿಂದ ಬಂದ ಶಬ್ದ. ಒಂಬತ್ತನೆಯ ಶತಮಾನದಿಂದ ಇಂಗ್ಲೆಂಡಿನ ಉತ್ತರ ಮತ್ತು ಪೂರ್ವ ಭಾಗಗಳಲ್ಲಿ ನೆಲೆಸಿದ ಸ್ಕ್ಯಾಂಡಿನೇವಿಯದ ಜನ ತಮ್ಮೊಡನೆ ತಂದ 'ತಕ' ಎಂಬ ಧಾತುವೇ ಇದರ ಮೂಲ. ಅದಕ್ಕೆ ಮೊದಲು ಇಂಗ್ಲಿಷರು ಇದೇ ಅರ್ಥದಲ್ಲಿ 'ನಿಮನ್' ಎನ್ನುತ್ತಿದ್ದರು. ಜರ್ಮನ್ ಭಾಷೆಯ 'ನೇಮನ್' ಅದರ ಬಂಧು. ವ್ಯಾಪಾರದ ಸರಕುಗಳ ಹೆಸರು ಎರವಲು ಬರುವುದು ಸಾಮಾನ್ಯ. ಆದರೆ ತೆಗೆದುಕೊಳ್ಳುವಂಥ ನಿತ್ಯದ ಕೆಲಸದ ಶಬ್ದವೇ ಪಲ್ಲಟಗೊಳ್ಳುವುದು ಅಪರೂಪ. ಎರಡು ಜನಾಂಗಗಳು ಎಷ್ಟು ಹತ್ತಿರ ಬಾಳಿದವೆಂಬುದಕ್ಕೆ ಅದು ಸಾಕ್ಷಿ. ಹಳೆಯ ಶಬ್ದ ಪೂರ್ತಿ ಅಳಿಯಲಿಲ್ಲ. ಚುರುಕು ಎಂಬರ್ಥದ ನಿಂಬಲ್, ಮರಗಟ್ಟಿದ ಎಂಬರ್ಥದ ನಮ್ ಎರಡೂ ಅದರ ಪಳೆಯುಳಿಕೆಗಳು. ಕದಿಯುವುದಕ್ಕೆ 'ನಿಮ್' ಎಂಬ ಆಡುಮಾತೂ ಬಹುಕಾಲ ಉಳಿದಿತ್ತು. ಶೇಕ್ಸ್‌ಪಿಯರನ ನಾಟಕಗಳಲ್ಲಿ ಬರುವ ಕಳ್ಳ ಸಿಪಾಯಿ ನಿಮ್‌ನ ಹೆಸರಿನಲ್ಲಿ ಅದರ ಧ್ವನಿಯಿದೆ.

ಟೇಕ್ ಅರ್ಥಗಳು ಕನ್ನಡಿಗರಿಗೆ ಬಹಳಷ್ಟು ಕಡೆ ಪರಿಚಿತವೆನಿಸುತ್ತವೆ. 'ಇಟ್ ಟೇಕ್ಸ್ ಟೂ ಅವರ್ಸ್' ಎಂದರೆ ಎರಡು ಗಂಟೆ ಹಿಡಿಯುತ್ತದೆ. ಇಲ್ಲಿ ನಾವು ಬಳಸುವುದೂ ಕೈಗೆ ಸಂಬಂಧಪಟ್ಟ ಕ್ರಿಯಾಪದವನ್ನೇ. ಫೋಟೋ ತೆಗೆಯುತ್ತೇವೆ, ಮಾತ್ರೆ ತೆಗೆದುಕೊಳ್ಳುತ್ತೇವೆ. ತೊಡಕಾಗುವುದು ದಿಕ್ಕಿನ ವಿಷಯದಲ್ಲಿ. ತೆಗೆದುಕೊಂಡು ಹೋಗು, ಕರೆದುಕೊಂಡು ಹೋಗು ಎಂದು ನಾವು ಬಿಡಿಸಿ ಹೇಳುವುದನ್ನು ಟೇಕ್ ಒಂದೇ ಹೇಳುತ್ತದೆ. ತೆಗೆದುಕೊಂಡು ಬಾ ಎನ್ನಲು ಮಾತ್ರ 'ಬ್ರಿಂಗ್' ಬೇಕು. ನಾಮಪದದ ಜೊತೆ ಸೇರಿ ತನ್ನ ಅರ್ಥವನ್ನು ಬಹುಮಟ್ಟಿಗೆ ಬಿಟ್ಟುಕೊಡುವ ಬಳಕೆಯೂ ಇದೆ: 'ಟೇಕ್ ಎ ವಾಕ್', 'ಟೇಕ್ ಎ ಲುಕ್'. ಇಲ್ಲಿ ಪ್ರಾಂತಭೇದವುಂಟು. ಸ್ನಾನಕ್ಕೆ ಅಮೆರಿಕನ್ನರು ಟೇಕ್ ಬಳಸಿದರೆ ಬ್ರಿಟಿಷರು ಸಾಮಾನ್ಯವಾಗಿ 'ಹ್ಯಾವ್' ಎನ್ನುತ್ತಾರೆ.

ಕಲಿಯುವವರನ್ನು ಹೆಚ್ಚು ಕಾಡುವುದು ಫ್ರೇಸಲ್ ವರ್ಬ್‌ಗಳು, ಅಂದರೆ ಕ್ರಿಯಾಪದದ ಬೆನ್ನಿಗೆ ಆಫ್, ಇನ್, ಅಪ್‌ನಂಥ ಚಿಕ್ಕ ಪದ ಸೇರಿ ಹೊಸ ಅರ್ಥ ಕೊಡುವ ಜೋಡಿಗಳು. ಈ ಹೆಸರನ್ನು ಲೋಗನ್ ಪಿಯರ್ಸಲ್ ಸ್ಮಿತ್ 1925ರ ತನ್ನ ಪುಸ್ತಕದಲ್ಲಿ ಬಳಸಿದ. ಸೂಚಿಸಿದವನು ನಿಘಂಟುಕಾರ ಹೆನ್ರಿ ಬ್ರ್ಯಾಡ್ಲಿ. ಹೆಸರಿಲ್ಲದ ಕಾಲದಲ್ಲೇ ಜಾನ್ಸನ್ ತನ್ನ ಮುನ್ನುಡಿಯಲ್ಲಿ ಪರಭಾಷಿಕರಿಗೆ ಇವು ಕಠಿಣವೆಂದು ಗುರುತಿಸಿ, ಉದಾಹರಣೆಗಳ ನಡುವೆ 'ಟೇಕ್ ಆಫ್' ಅನ್ನೂ ಕೊಟ್ಟಿದ್ದ. ಆತ ಕೊಟ್ಟ ಅರ್ಥ ನಕಲು ಮಾಡು ಎಂದು. ಒಬ್ಬರ ಹಾವಭಾವವನ್ನು ಅನುಕರಿಸಿ ಅಣಕಿಸುವುದಕ್ಕೆ ಬ್ರಿಟನ್ನಿನಲ್ಲಿ ಅದು ಈಗಲೂ ಬಳಕೆಯಲ್ಲಿದೆ. ಬಟ್ಟೆ, ಚಪ್ಪಲಿ ಕಳಚುವುದು, ವಿಮಾನ ಮೇಲೇರುವುದು, ವ್ಯಾಪಾರ ಒಮ್ಮೆಲೇ ಕುದುರುವುದು ಇವೂ 'ಟೇಕ್ ಆಫ್'. 'ಟೇಕ್ ಇನ್' ಇನ್ನೂ ವಿಚಿತ್ರ: ಆಶ್ರಯ ಕೊಡುವುದು, ಸಡಿಲವಾದ ಉಡುಪನ್ನು ಹೊಲಿದು ಬಿಗಿಮಾಡುವುದು, ವಿಷಯವನ್ನು ಗ್ರಹಿಸುವುದು, ಕೊನೆಗೆ ಮೋಸಗೊಳಿಸುವುದು. ನಾಲ್ಕರಲ್ಲೂ ಒಳಕ್ಕೆ ಎಳೆದುಕೊಳ್ಳುವ ಎಳೆಯನ್ನು ಕಾಣಬಹುದು. ಆದ್ದರಿಂದ ಆ ಚಿಕ್ಕ ಪದ ಸುಮ್ಮನೆ ಅಂಟಿಕೊಂಡದ್ದೆಂದು ಬಗೆದು ಬಾಯಿಪಾಠ ಮಾಡುವುದಕ್ಕಿಂತ ಅದು ತೋರುವ ದಿಕ್ಕನ್ನು ಗಮನಿಸುವುದು ಮೇಲು. 'ಟೇಕ್ ಓವರ್' ಅಧಿಕಾರ ವಹಿಸಿಕೊಳ್ಳುವುದು, 'ಟೇಕ್ ಆನ್' ಹೊಣೆ ಹೊರುವುದು ಇಲ್ಲವೇ ಎದುರಾಳಿಯನ್ನು ಎದುರಿಸುವುದು, 'ಟೇಕ್ ಅಪ್' ಹೊಸ ಹವ್ಯಾಸ ಹಿಡಿಯುವುದು.

ಇಲ್ಲಿ ವ್ಯಾಕರಣದ ನಿಯಮವೊಂದು ಕಟ್ಟುನಿಟ್ಟು. ಶೂಸ್ ಎಂಬ ನಾಮಪದ 'ಟೇಕ್ ಆಫ್ ಯುವರ್ ಶೂಸ್' ಎಂದು ಕೊನೆಗೂ ಬರಬಹುದು, 'ಟೇಕ್ ಯುವರ್ ಶೂಸ್ ಆಫ್' ಎಂದು ನಡುವೆಯೂ ಬರಬಹುದು. ಸರ್ವನಾಮಕ್ಕೆ ಆ ಸ್ವಾತಂತ್ರ್ಯವಿಲ್ಲ. 'ಟೇಕ್ ದೆಮ್ ಆಫ್' ಸರಿ, 'ಟೇಕ್ ಆಫ್ ದೆಮ್' ತಪ್ಪು. ಹೆತ್ತವರನ್ನು ಹೋಲು ಎಂಬರ್ಥದ 'ಟೇಕ್ ಆಫ್ಟರ್' ಮಾತ್ರ ಎಂದೂ ಬೇರ್ಪಡದು. ಸರ್ವನಾಮವಾದರೂ ಅದರ ನಂತರವೇ ಬರಬೇಕು.

ನುಡಿಗಟ್ಟುಗಳಲ್ಲಿ ಕೆಲವು ಕನ್ನಡದ ಜಾಡಿನಲ್ಲೇ ಸಾಗುತ್ತವೆ. 'ಟೇಕ್ ಪಾರ್ಟ್' ಎಂಬುದಕ್ಕೆ ಪಾಲ್ಗೊಳ್ಳು ಅಚ್ಚುಕಟ್ಟಾದ ಜೋಡಿ. 'ಟೇಕ್ ಟು ಟಾಸ್ಕ್' ಎಂದರೆ ತರಾಟೆಗೆ ತೆಗೆದುಕೊಳ್ಳುವುದು. 'ಟೇಕ್ ಟು ಒನ್ಸ್ ಹೀಲ್ಸ್' ಹಿಮ್ಮಡಿಯ ಮಾತು. ನಾವು ಕಾಲಿಗೆ ಬುದ್ಧಿ ಹೇಳುತ್ತೇವೆ. 'ಟೇಕ್ ಹಾರ್ಟ್' ಮತ್ತು 'ಟೇಕ್ ಟು ಹಾರ್ಟ್' ಎರಡನ್ನು ಬೆರೆಸಬಾರದು: ಮೊದಲನೆಯದು ಧೈರ್ಯ ತಂದುಕೊಳ್ಳುವುದು, ಎರಡನೆಯದು ಮನಸ್ಸಿಗೆ ಹಚ್ಚಿಕೊಳ್ಳುವುದು. ಕೇಳಿದ್ದನ್ನು ಪೂರ್ತಿ ನಂಬದಿರಲು ಹೇಳುವ 'ಟೇಕ್ ವಿತ್ ಎ ಪಿಂಚ್ ಆಫ್ ಸಾಲ್ಟ್' ಎಂಬುದನ್ನು ರೋಮನ್ ಲೇಖಕ ಪ್ಲಿನಿ ದಾಖಲಿಸಿದ, ಉಪ್ಪಿನ ಹರಳು ಸೇರಿಸುವ ವಿಷಪರಿಹಾರದ ಮದ್ದಿನೊಂದಿಗೆ ಜೋಡಿಸುವುದುಂಟು.

ನಾಮಪದವಾಗಿ ಟೇಕ್ ಎಂದರೆ ಸಿನಿಮಾ ಚಿತ್ರೀಕರಣದಲ್ಲಿ ಒಂದು ಸಲಕ್ಕೆ ನಿಲ್ಲಿಸದೆ ಸೆರೆಹಿಡಿದ ಭಾಗ. ಕನ್ನಡ ಚಿತ್ರರಂಗದಲ್ಲೂ ಒಂದೇ ಟೇಕ್‌ನಲ್ಲಿ ಓಕೆ ಆಯಿತು ಎಂದೇ ಹೇಳುತ್ತಾರೆ. ವಿಮಾನದ ಟೇಕಾಫ್, ಕಂಪನಿಗಳ ಟೇಕೋವರ್ ಸಹ ಕನ್ನಡದ ಸುದ್ದಿಬರಹಕ್ಕೆ ಬಂದಿವೆ. 'ಟೇಕ್ ಎ ಕ್ಲಾಸ್' ಎಂದಾಗ ಅಮೆರಿಕದವರ ಮನಸ್ಸಿಗೆ ಮೊದಲು ಬರುವವನು ವಿದ್ಯಾರ್ಥಿ. ಕರ್ನಾಟಕದಲ್ಲಿ ಕ್ಲಾಸ್ ತೆಗೆದುಕೊಳ್ಳುವವರು ಮೇಷ್ಟ್ರು, ಹಾಗೆಯೇ ಕಿರಿಯರನ್ನು ಗದರಿಸುವ ಮೇಲಧಿಕಾರಿ.