ಎಲ್‌ಕೆಜಿಯ ‘ಕೆಜಿ’ ಎಲ್ಲಿಂದ ಬಂತು?

ನಮ್ಮಲ್ಲಿ ಗಲ್ಲಿಗೊಂದು ಎಲ್‌ಕೆಜಿ ಇದೆ. ಅಕ್ಕನ ಮಗಳಿಗೆ ಇನ್ನೂ ಮೂರು ತುಂಬಿಲ್ಲ, ಆಗಲೇ "ಅಕ್ಷರ ಬರೆಸ್ತಿದ್ದೀರಾ?" ಅಂತ ಕೇಳೋರು ಶುರುವಾಗಿದ್ದಾರೆ. ಆ ‘ಕೆಜಿ’ ಅನ್ನೋ ಎರಡಕ್ಷರದ ಹಿಂದೆ ಒಂದು ದೊಡ್ಡ ಕತೆಯೇ ಇದೆ. ಅದನ್ನು ಓದಿದ ಮೇಲೆ ಇಲ್ಲಿ ಬರೆಯದೇ ಇರೋಕಾಗಲಿಲ್ಲ.

ಫ್ರೆಡ್ರಿಕ್ ಫ್ರೋಬೆಲ್ ಹುಟ್ಟಿದ್ದು 1782ರಲ್ಲಿ, ಜರ್ಮನಿಯ ತುರಿಂಗಿಯಾದ ಒಂದು ಹಳ್ಳಿಯಲ್ಲಿ. ಒಂಬತ್ತು ತಿಂಗಳ ಕೂಸಾಗಿದ್ದಾಗಲೇ ತಾಯಿ ತೀರಿಕೊಂಡರು. ತಂದೆ ಪಾದ್ರಿ, ಊರಿನ ಕೆಲಸದಲ್ಲೇ ಮುಳುಗಿದ್ದವರು. ಮಗು ಹೆಚ್ಚುಕಮ್ಮಿ ಒಂಟಿಯಾಗಿಯೇ ಬೆಳೆಯಿತು. ಮುಂದೆ ಈತ ಸ್ವಿಟ್ಜರ್ಲೆಂಡಿನಲ್ಲಿ ಪೆಸ್ಟಲಾಟ್ಸಿಯ ಹತ್ತಿರ ಪಾಠ ಹೇಳುವ ರೀತಿ ಕಲಿತ, ಬರ್ಲಿನ್ನಿನಲ್ಲಿ ಹರಳುಗಳ ಶಾಸ್ತ್ರ ಓದಿದ. ಹರಳಿನ ಜ್ಯಾಮಿತಿ ಮಗುವಿನ ಆಟಿಕೆಯೊಳಗೆ ಬಂದು ಕೂತಿದ್ದು ಹೀಗೆ!

1837ರಲ್ಲಿ ಬಾಡ್ ಬ್ಲಾಂಕೆನ್‌ಬುರ್ಗ್ ಎಂಬ ಊರಲ್ಲಿ ಈತ ಆಟಿಕೆಗಳನ್ನು ಮಾಡಿಸತೊಡಗಿದ. ಅವಕ್ಕೆ ಆತ ಇಟ್ಟ ಹೆಸರು ‘ಉಡುಗೊರೆಗಳು’. ಮೊದಲನೆಯದು ದಾರ ಕಟ್ಟಿದ ಆರು ಬಣ್ಣದ ಉಣ್ಣೆ ಚೆಂಡು. ಚೆಂಡನ್ನು ತೂಗೋದು, ಅಂಗೈಯಲ್ಲಿ ಬಚ್ಚಿಡೋದು, ಮತ್ತೆ ತೋರಿಸೋದು. ಇದೆ, ಹೋಯ್ತು, ಬಂತು! ನಮ್ಮ ಅಜ್ಜಿಯಂದಿರು ಸೆರಗು ಮುಚ್ಚಿ ಆಡಿಸುತ್ತಿದ್ದುದೂ ಇದನ್ನೇ ಅಲ್ವಾ? ಕಣ್ಣಿಗೆ ಕಾಣದ್ದು ಇಲ್ಲವಾಗಿಬಿಡಲಿಲ್ಲ ಅನ್ನೋದು ಕೂಸಿಗೆ ಮೆಲ್ಲಗೆ ಹೊಳೆಯುತ್ತದೆ.

ಎರಡನೆಯದು ಮರದ ಗುಂಡು, ಘನ ಮತ್ತು ಸಿಲಿಂಡರ್. ನನಗೆ ತುಂಬಾ ಇಷ್ಟವಾಗಿದ್ದು ಇದು. ಘನದ ಒಂದು ಮುಖದ ನಡುವಿಗೆ ದಾರ ಸಿಕ್ಕಿಸಿ, ಹುರಿ ಹಾಕಿ ಬಿಟ್ಟರೆ ಗಿರಗಿರ ತಿರುಗುತ್ತದೆ. ತಿರುಗುವಾಗ ಮೂಲೆಗಳು ಮಾಯವಾಗಿ ಕಣ್ಣೆದುರು ಸಿಲಿಂಡರ್ ಮೂಡುತ್ತದೆ. ನಾಲ್ಕು ವರ್ಷ ಇಂಜಿನಿಯರಿಂಗ್ ಡ್ರಾಯಿಂಗು, ಗ್ರಾಫಿಕ್ಸು ಅಂತ ಒದ್ದಾಡಿದ ನಮಗೆ ಯಾರೂ ಇದನ್ನು ತೋರಿಸಲಿಲ್ಲ :-) ಮೂರನೆಯದು ಎಂಟು ಪುಟ್ಟ ಘನಗಳಾಗಿ ಬಿಡಿಸಬಹುದಾದ ಒಂದು ದೊಡ್ಡ ಘನ. ಬಿಚ್ಚು, ಮನೆ ಕಟ್ಟು, ಕುರ್ಚಿ ಕಟ್ಟು, ಮತ್ತೆ ಜೋಡಿಸಿ ಡಬ್ಬಿಯಲ್ಲಿಡು. ಒಡೆದದ್ದನ್ನು ಮತ್ತೆ ಒಂದುಗೂಡಿಸಬಹುದು ಅನ್ನೋದೇ ಇಲ್ಲಿನ ಪಾಠ.

‘ಕಿಂಡರ್‌ಗಾರ್ಟನ್’ ಎಂಬ ಹೆಸರು ಬಂದದ್ದು 1840ರಲ್ಲಿ. ಅಂದರೆ ಮಕ್ಕಳ ತೋಟ. 1844ರಲ್ಲಿ ಆತ ತಾಯಂದಿರಿಗಾಗಿಯೇ ಒಂದು ಪುಸ್ತಕ ತಂದ. ತೊಡೆಯ ಮೇಲಿನ ಮಗುವಿನ ಜೊತೆ ಆಡುವ ಬೆರಳಾಟಗಳು, ಹಾಡು, ಚಿತ್ರ. ಗಾಳಿಗೆ ತಿರುಗುವ ಗೋಪುರದ ಕೋಳಿಯಂತೆ ಮಣಿಕಟ್ಟು ತಿರುಗಿಸುವ ಆಟವೂ ಅದರಲ್ಲಿದೆ. ತಾಯಿಯ ತೊಡೆಯ ನೆನಪೇ ಇರದಿದ್ದ ಮನುಷ್ಯ ಬರೆದ ಪುಸ್ತಕ ಅದು. ಓದಿದಾಗ ಯಾಕೋ ಮನಸ್ಸು ಭಾರವಾಯಿತು.

ಆಮೇಲಿನದು ಇನ್ನೂ ಬೇಸರದ ಕತೆ. 1851ರ ಆಗಸ್ಟಿನಲ್ಲಿ ಪ್ರಷ್ಯಾ ಸರ್ಕಾರ ಕಿಂಡರ್‌ಗಾರ್ಟನ್‌ಗಳನ್ನೇ ನಿಷೇಧಿಸಿತು! ನಾಸ್ತಿಕತೆ ಮತ್ತು ಸಮಾಜವಾದ ಹರಡುತ್ತವೆ ಅನ್ನೋದು ಆರೋಪ. ಅದಕ್ಕೆ ಆಧಾರ ಮಾಡಿಕೊಂಡಿದ್ದು ಫ್ರೋಬೆಲ್ಲನ ಬರಹವನ್ನಲ್ಲ, ಅಣ್ಣನ ಮಗ ಕಾರ್ಲ್ ಫ್ರೋಬೆಲ್ ಬರೆದ ಕಿರುಪುಸ್ತಕವನ್ನು. ಇಬ್ಬರೂ ಬೇರೆ ಬೇರೆ ಅಂತ ಮುದುಕ ಎಷ್ಟು ಹೇಳಿದರೂ ಆದೇಶ ಬದಲಾಗಲಿಲ್ಲ. 1852ರ ಜೂನಿನಲ್ಲಿ ಆತ ತೀರಿಕೊಂಡ. ನಿಷೇಧ ಹೋದದ್ದು 1860ರಲ್ಲಿ.

ಆದರೆ ಆಟ ನಿಲ್ಲಲಿಲ್ಲ. ಆತನಿಂದ ಕಲಿತ ಹೆಂಗಸರು ಅದನ್ನು ದೇಶದೇಶಕ್ಕೆ ಒಯ್ದರು. 1856ರಲ್ಲಿ ಮಾರ್ಗರೆಟೆ ಶುರ್ಜ್ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ವಾಟರ್‌ಟೌನ್‌ನಲ್ಲಿ ಒಂದು ಕಿಂಡರ್‌ಗಾರ್ಟನ್ ತೆರೆದರು. 1876ರ ಫಿಲಡೆಲ್ಫಿಯಾ ಪ್ರದರ್ಶನದಲ್ಲಿ ಈ ಆಟಿಕೆಗಳನ್ನು ಕಂಡ ತಾಯಿಯೊಬ್ಬರು ಮಗನಿಗೆ ತಂದುಕೊಟ್ಟರು. ಆ ಮಗ ಮುಂದೆ ಹೆಸರಾಂತ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್. ಆ ಮರದ ತುಂಡುಗಳು ಕೊನೆವರೆಗೂ ತನ್ನ ಬೆರಳಲ್ಲಿದ್ದವು ಎಂಬ ಅರ್ಥದಲ್ಲಿ ಆತನೇ ನೆನೆದಿದ್ದಾನೆ.

ನಮ್ಮಲ್ಲೂ ‘ಶಿಶುವಿಹಾರ’ ಅಂತ ಚೆಂದದ ಪದವಿತ್ತು, ಅದರಲ್ಲಿ ವಿಹಾರ ಇತ್ತು. ಎಲ್‌ಕೆಜಿಯಲ್ಲಿ ಹೆಸರಿನ ಅರ್ಧ ಉಳಿದಿದೆ, ತೋಟ ಎಲ್ಲೋ ಹೋಗಿದೆ.

ಅಕ್ಕನಿಗೆ ಹೇಳಿದ್ದೇನೆ: ಸ್ಲೇಟು ಸ್ವಲ್ಪ ದಿನ ಅಟ್ಟದ ಮೇಲಿರಲಿ, ಅಮ್ಮನ ಹಳೇ ಉಣ್ಣೆಯ ಉಂಡೆಗೊಂದು ದಾರ ಕಟ್ಟಿಕೊಡು. ದಾರ ಗಿಡ್ಡವಿರಲಿ, ಕೂಸಿನ ಜೊತೆ ನೀನೂ ಕೂತಿರು. ನಿಮ್ಮನೆ ಪುಟಾಣಿಗಳನ್ನು ನೀವು ಹೇಗೆ ಆಡಿಸ್ತೀರಿ? ನಿಮ್ಮೂರ ಬೆರಳಾಟಗಳು ನೆನಪಿದ್ದರೆ ಬರೆಯಿರಿ, ಅಕ್ಕನಿಗೆ ತಲುಪಿಸ್ತೀನಿ.